ಮಳೆ ಬಂದರೆ ನೆಟ್ ಹೋಗುವ ಗುಡ್ಡದಲ್ಲಿ

ಕೊಪ್ಪದಿಂದ ಜಯಪುರದ ಕಡೆಗೆ ಹೋಗುವ ಟಾರು ರಸ್ತೆ ಬಿಟ್ಟು ಮಣ್ಣುದಾರಿ ಹಿಡಿದರೆ ಮೊದಲು ಕಾಫಿ ತೋಟ, ಆಮೇಲೆ ಬೋಳುಗುಡ್ಡ. ನೆತ್ತಿಯ ಮೇಲೆ ಅರವತ್ತು ಅಡಿಯ ಕಬ್ಬಿಣದ ಟವರ್. ಬುಡದಲ್ಲಿ ಬೀಗ ಹಾಕಿದ ತಗಡಿನ ಪೆಟ್ಟಿಗೆ, ಪಕ್ಕದಲ್ಲಿ ಸೋಲಾರ್ ಪ್ಯಾನೆಲ್. ಮೇಲೆ ಕಟ್ಟಿದ ಎರಡಡಿ ಅಗಲದ ಡಿಶ್ ಒಂಬತ್ತು ಕಿಲೋಮೀಟರ್ ಆಚೆಯ ಊರಿನ ಇನ್ನೊಂದು ಡಿಶ್ಶಿಗೆ ಮುಖ ಮಾಡಿ ನಿಂತಿದೆ. ಆ ಊರಿನ ಸೊಸೈಟಿಗೆ, ಶಾಲೆಗೆ, ಅಡಿಕೆ ಅಂಗಳದ ಪಕ್ಕದ ಕೋಣೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವ ಹುಡುಗರಿಗೆ ಇಂಟರ್ನೆಟ್ ಹೋಗುವುದು ಇಲ್ಲಿಂದಲೇ. ಮಳೆ ಹಿಡಿದರೆ ನೆಟ್ ಸತ್ತಂತೆ ಎನ್ನುವುದು ಎಲ್ಲರ ದೂರು.

‘ಮಳೆಗೆ ಬೈಯೋದು ಸುಲಭ ಮಾರಾಯ್ರೆ, ಅದು ತಿರುಗಿ ಮಾತಾಡೋದಿಲ್ವಲ್ಲ’ ಎನ್ನುತ್ತ ಹಿರಿಯ ಟೆಕ್ನಿಶಿಯನ್ ಸೊಂಟಕ್ಕೆ ಸೇಫ್ಟಿ ಬೆಲ್ಟ್ ಬಿಗಿದುಕೊಂಡರು. ಅವರ ಮಾತಿನಲ್ಲಿ ಲೆಕ್ಕವಿದೆ. ಈ ಲಿಂಕ್ ಓಡುವುದು 5.8 ಗಿಗಾಹರ್ಟ್ಸ್‌ನಲ್ಲಿ. ಗಂಟೆಗೆ 50 ಮಿಲಿಮೀಟರ್ ಸುರಿಯುವ ಜಡಿಮಳೆ ಕೂಡ ಈ ಅಲೆಯಿಂದ ಕಿಲೋಮೀಟರಿಗೆ ಅರ್ಧ ಡೆಸಿಬೆಲ್ಲಿಗಿಂತ ಕಡಿಮೆಯನ್ನಷ್ಟೇ ಕಸಿಯುತ್ತದೆ. ಮೊಬೈಲ್ ಟವರುಗಳ ನಡುವೆ ಬಳಸುವ 23 ಗಿಗಾಹರ್ಟ್ಸ್ ಲಿಂಕಾದರೆ ಅದೇ ಮಳೆಗೆ ಕಿಲೋಮೀಟರಿಗೆ ಐದು ಡೆಸಿಬೆಲ್ ಮೀರಿ ಹೋಗುತ್ತದೆ. ಅಲ್ಲಿ ಮಳೆ ನಿಜವಾದ ಕಳ್ಳ. ಇಲ್ಲಿ ಕಳ್ಳನನ್ನು ಬೇರೆ ಕಡೆ ಹುಡುಕಬೇಕು.

ಹುಡುಕಾಟ ಶುರುವಾಗುವುದು ಪೆಟ್ಟಿಗೆಯಿಂದ, ಅದೂ ಮಲ್ಟಿಮೀಟರಿನಿಂದ. ಬ್ಯಾಟರಿ ಸರಿ, ಮೇಲಿನ ರೇಡಿಯೊಗೆ ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟು ಕಳಿಸುವ ಅಡಾಪ್ಟರ್ ಸರಿ. ಆಮೇಲೆ ಆ ಕೇಬಲಿನ ಸರದಿ. ಇಲಿ ಕಚ್ಚಿದ, ಸಿಡಿಲಿನ ಪೆಟ್ಟು ತಿಂದ ಕೇಬಲ್ ಒಮ್ಮೆಲೇ ಸಾಯುವುದಿಲ್ಲ. ನೂರು ಎಂಬಿಯ ವೇಗದಿಂದ ಹತ್ತಕ್ಕೆ ಇಳಿದು ಏದುಸಿರು ಬಿಡುತ್ತಿರುತ್ತದೆ, ಅಥವಾ ಪೋರ್ಟಿನ ಎರರ್ ಲೆಕ್ಕ ಏರುತ್ತಲೇ ಇರುತ್ತದೆ. ಇಲ್ಲಿ ಎರರ್ ಸೊನ್ನೆ. ಕೆಳಗೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಡಿಪ್ಲೊಮಾ ಹುಡುಗ ಪಿಂಗ್ ಹಾಕಿದ. ಪುಟ್ಟ ಪ್ಯಾಕೆಟ್ಟುಗಳು ಎರಡು ಮೂರು ಮಿಲಿಸೆಕೆಂಡಿನಲ್ಲಿ ಹೋಗಿ ಬಂದವು. ಎಲ್ಲ ಚೆಂದ. ಅದೇ ಪಿಂಗನ್ನು 1,400 ಬೈಟಿಗೆ ಏರಿಸಿದ್ದೇ ತಡ, ಒಂದು 40, ಇನ್ನೊಂದು 90, ಮತ್ತೊಂದು ಬರಲೇ ಇಲ್ಲ. ಖಾಲಿ ಲಾರಿ ಹತ್ತಿದ ಘಾಟಿಯನ್ನು ಲೋಡು ಹೊತ್ತ ಲಾರಿ ಹತ್ತಲಿಲ್ಲ.

ರೇಡಿಯೊದೊಳಗೇ ಒಂದು ಸ್ಪೀಡ್ ಟೆಸ್ಟ್ ಇರುತ್ತದೆ, ಅದನ್ನು ಇವರು ನಂಬುವುದಿಲ್ಲ. ಅದರ ಪ್ರೊಸೆಸರ್ ಸಣ್ಣದು, ಟೆಸ್ಟ್ ನಡೆಸುವ ಭಾರಕ್ಕೇ ಬಳಲಿ ಕಡಿಮೆ ಅಂಕಿ ತೋರಿಸುತ್ತದೆ. ಈಚೆ ಲ್ಯಾಪ್‌ಟಾಪ್, ಆಚೆ ತುದಿಯಲ್ಲೊಂದು ಕಂಪ್ಯೂಟರ್ ಇಟ್ಟು ನಡುವೆ ಡೇಟಾ ಹರಿಸಿ ಅಳೆಯುವುದೇ ಸರಿ.

ಇನ್ನು ಲ್ಯಾಪ್‌ಟಾಪಿನಲ್ಲಿ ತೆರೆದ ರೇಡಿಯೊದ ಪುಟ. ನನ್ನ ಕುತೂಹಲ ಇದ್ದದ್ದು ಇದರಲ್ಲಿ. ಈ ಬ್ಯಾಂಡಿಗೆ ಕಾನೂನು ಬಿಟ್ಟುಕೊಟ್ಟಿರುವ ಗರಿಷ್ಠ ಪ್ರಸರಣ 36 ಡಿಬಿಎಂ, ಅಂದರೆ ನಾಲ್ಕು ವ್ಯಾಟ್. ಒಂಬತ್ತು ಕಿಲೋಮೀಟರ್ ಬಯಲಿನಲ್ಲಿ ಸುಮಾರು 127 ಡೆಸಿಬೆಲ್ ಕರಗಿಹೋಗುತ್ತದೆ, ಅಲೆ ಹಿಡಿಯುವ ಡಿಶ್ 30 ಮರಳಿಸುತ್ತದೆ. ಕೂಡಿ ಕಳೆದರೆ ಮೈನಸ್ 61 ಬರಬೇಕು. ಪರದೆಯ ಮೇಲೆ ದಪ್ಪಕ್ಷರದಲ್ಲಿ ಮೈನಸ್ 64 ಇತ್ತು. ಮೂರೇ ಡೆಸಿಬೆಲ್ ಕೊರತೆ. ದೂರದಲ್ಲಿ ಆಫೀಸಿನಲ್ಲಿ ಕೂತು ನೋಡಿದವರು ‘ಸಿಗ್ನಲ್ ಚೆನ್ನಾಗೇ ಇದೆ, ಮಳೆಯದೇ ತೊಂದರೆ’ ಎಂದು ಫೋನಿಡುವುದು ಈ ಅಂಕಿ ನೋಡಿಯೇ.

ಆದರೆ ಅದು ಎರಡು ಅಂಕಿಗಳ ಮೊತ್ತ. ಡಿಶ್ ಒಂದು ಅಲೆಯನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಕಳಿಸುತ್ತದೆ. ಹುಡುಗ ಕೆಳಗೆ ಸರಿಸಿ ಬಿಡಿಬಿಡಿಯಾಗಿ ತೋರಿಸಿದ: ಅಡ್ಡದ್ದು ಮೈನಸ್ 64, ಉದ್ದದ್ದು ಮೈನಸ್ 75. ಡೆಸಿಬೆಲ್ಲಿನ ಕೂಡುವಿಕೆಯೇ ಹಾಗೆ, ಬಲಿಷ್ಠನ ಪಕ್ಕದಲ್ಲಿ ಸೊರಗಿದವನು ಲೆಕ್ಕಕ್ಕೇ ಬರುವುದಿಲ್ಲ. ಎರಡು ದಾರಿಯಲ್ಲಿ ಒಂದು ಮುಚ್ಚಿದೆ, ಮೊತ್ತ ಮಾತ್ರ ಗಂಭೀರವಾಗಿ ನಿಂತಿದೆ. ಈ ಪುಟದ ವಿನ್ಯಾಸ ಮಾಡಿದವರು ದಪ್ಪಕ್ಷರವನ್ನು ತಪ್ಪು ಜಾಗದಲ್ಲಿ ಬಳಸಿದ್ದಾರೆ ಎಂದು ನನಗನ್ನಿಸಿತು.

ಗದ್ದಲವನ್ನೂ ನೋಡಬೇಕು. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್‌ನ 605 ಮೆಗಾಹರ್ಟ್ಸ್ ಜಾಗವನ್ನು ತರಂಗದ ಲೈಸೆನ್ಸ್ ಇಲ್ಲದೆಯೇ ಬಳಸಲು ಬಿಟ್ಟಿತು. ಹಾಗಾಗಿ ಪಕ್ಕದ ಗುಡ್ಡದವರೂ ಅದೇ ಚಾನೆಲ್ಲಿನಲ್ಲಿ ಕೂತಿರಬಹುದು. ಅದನ್ನು ತಿಳಿಯಲು ಸ್ಕ್ಯಾನ್ ಮಾಡಬೇಕು, ಆದರೆ ಸ್ಕ್ಯಾನ್ ಶುರುವಾದರೆ ಲಿಂಕ್ ಕಡಿಯುತ್ತದೆ. ಆಚೆ ತುದಿಯ ರೇಡಿಯೊದಲ್ಲಿ ಇಲ್ಲಿಂದಲೇ ಸ್ಕ್ಯಾನ್ ಒತ್ತುವುದೆಂದರೆ ಕೂತ ಕೊಂಬೆ ಕಡಿದಂತೆ, ಸ್ಕ್ಯಾನ್ ಮುಗಿದು ಲಿಂಕ್ ಮರಳುವವರೆಗೆ ಸುಮ್ಮನೆ ಕಾಯಬೇಕು. ಈಚೆಯದರಲ್ಲಿ ಅರ್ಧ ನಿಮಿಷ ನಡೆಸಿದರು. ಅಷ್ಟರಲ್ಲೇ ಹುಡುಗನ ಫೋನ್ ಎರಡು ಸಲ ಬಡಿದುಕೊಂಡಿತು. ಚಾನೆಲ್ಲಿನಲ್ಲಿ ಗದ್ದಲವಿರಲಿಲ್ಲ.

ಹಿರಿಯರು ಟವರ್ ಹತ್ತಿದರು. ಡಿಶ್ಶಿನ ಬೆನ್ನಿಗೆ ರೇಡಿಯೊ, ಅಲ್ಲಿಂದ ಡಿಶ್ಶಿಗೆ ಅಲೆ ಉಣಿಸುವ ಫೀಡಿಗೆ ಗೇಣುದ್ದದ ಎರಡು ಕೇಬಲ್. ರೇಡಿಯೊ ಕಡೆಯ ಎರಡೂ ತುದಿ ಬಿಚ್ಚಿ ಅದಲುಬದಲು ಮಾಡಿದರು. ಕೊರತೆ ಅದೇ ಪೋರ್ಟಿನಲ್ಲಿ ಉಳಿದರೆ ರೇಡಿಯೊ ಕೆಟ್ಟಿದೆ, ಕೇಬಲಿನ ಜೊತೆ ಹೋದರೆ ರೇಡಿಯೊ ನಿರಪರಾಧಿ.

‘ಅಣ್ಣ, ಮೈನಸ್ 75 ಆಚೆ ಪೋರ್ಟಿಗೆ ಹೋಯ್ತು!’

ಹಾಗಾದರೆ ಕೇಬಲ್, ಫೀಡ್, ಇಲ್ಲವೇ ಆಚೆ ತುದಿ. ಎಲ್ಲಕ್ಕಿಂತ ಅಗ್ಗದ್ದು ಕೇಬಲ್, ಮೊದಲು ಅದನ್ನೇ ಬದಲಿಸುವುದು ವಾಡಿಕೆ. ಹೊಸದು ಹಾಕಿ ರಬ್ಬರ್ ಟೇಪ್ ಎಳೆದು ಸುತ್ತಿ, ನೀರು ತೊಟ್ಟಿಕ್ಕಲೆಂದು ಕೆಳಮುಖವಾಗಿ ಬಳುಕಿಸಿ ಕಟ್ಟಿದರು. ಎರಡೂ ಮೈನಸ್ 64ಕ್ಕೆ ಬಂದು ನಿಂತವು, ಮೊತ್ತ 61. ವೇಗ ಹಿಂದಿನ ದುಪ್ಪಟ್ಟಿಗೂ ಹೆಚ್ಚಾಯಿತು.

ಇಳಿದು ಬಂದವರು ಹಳೆಯ ಕೇಬಲನ್ನು ನನ್ನ ಅಂಗೈಗಿಟ್ಟರು. ಕನೆಕ್ಟರಿನ ಹಿತ್ತಾಳೆ ಹಸಿರು ಕಟ್ಟಿತ್ತು. ನಡುವಿನ ಪಿನ್ನಿನ ಸುತ್ತ ಒಂದು ಹನಿ ನೀರು. ಟೇಪ್ ಸುತ್ತಿದ್ದು ಮೇಲಿನಿಂದ ಕೆಳಕ್ಕೆ. ಹಾಗೆ ಸುತ್ತಿದರೆ ಪ್ರತಿ ಸುತ್ತಿನ ಅಂಚೂ ಮೇಲಕ್ಕೆ ತೆರೆದುಕೊಂಡು ನೀರು ಹಿಡಿಯುತ್ತದೆ. ಹೆಂಚು ಹೊದೆಸುವವರು ಕೆಳಗಿನಿಂದ ಶುರುಮಾಡುವುದು ಇದಕ್ಕೇ. ಊರಿನವರ ದೂರು ಸುಳ್ಳಲ್ಲ, ಮಳೆ ಬಂದಾಗಲೇ ನೆಟ್ ಹೋಗುತ್ತಿತ್ತು. ಹೋಗುತ್ತಿದ್ದ ಜಾಗ ಮಾತ್ರ ಇಷ್ಟು ಚಿಕ್ಕದು.

ಆ ದಿನದ ಅಂಕಿಗಳನ್ನೆಲ್ಲ ಹುಡುಗ ಪೆಟ್ಟಿಗೆಯ ಬಾಗಿಲ ಒಳಮೈಗೆ ಮಾರ್ಕರಿನಲ್ಲಿ ಬರೆದ. ಹಿಂದಿನವರು ಬರೆದಿಟ್ಟಿದ್ದರೆ ಕೆಲಸ ಇನ್ನೂ ಬೇಗ ಮುಗಿಯುತ್ತಿತ್ತು.

ಒಂದು ತಕರಾರು ಬಾಕಿ ಉಳಿಯಿತು. ಲಿಂಕಿನ ನಡುದಾರಿಯ ತೋಟದಲ್ಲಿ ಸಿಲ್ವರ್ ಓಕ್ ಸಾಲು ಏರುತ್ತಿದೆ. ಡಿಶ್ಶಿನಿಂದ ಡಿಶ್ ಕಂಡರೆ ಸಾಲದು. ನಡುಮಧ್ಯದಲ್ಲಿ ಆ ಗೆರೆಯ ಸುತ್ತ ಹನ್ನೊಂದು ಮೀಟರ್ ಅಲೆಯ ವಲಯ, ಅದರಲ್ಲಿ ಆರೂವರೆಯಾದರೂ ಖಾಲಿ ಇರಬೇಕು. ಎಳೆಯ ಸಿಲ್ವರ್ ವರ್ಷಕ್ಕೆ ಎರಡು ಮೀಟರಿನವರೆಗೂ ಏರುವುದುಂಟು, ಒದ್ದೆ ಎಲೆಯಂತೂ ಈ ಅಲೆಗೆ ಗೋಡೆ. ಹಿರಿಯರು ತೋಟದ ಯಜಮಾನರಿಗೆ ಫೋನ್ ಮಾಡಿ ತಲೆ ಸವರಲು ಕೇಳಿದರು. ಸ್ಪೀಕರಿನಲ್ಲಿ ಉತ್ತರ ಬಂತು: ‘ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ ಮಾರಾಯ್ರೆ. ಕೊಯ್ಲು ಮುಗೀಲಿ, ಆಮೇಲೆ ನೋಡುವ.’