ಗಡಿಯಾರವಿಟ್ಟು ಆಡುವ ಚದುರಂಗ

ಚದುರಂಗವೆಂದೊಡನೆ ನಮ್ಮ ಮನಸ್ಸಿಗೆ ತೋರುವ ಚಿತ್ರ ಒಂದೇ: ಇಬ್ಬರು ಗದ್ದಕ್ಕೆ ಕೈಯಾನಿಸಿಕೊಂಡು, ಹೊತ್ತಿನ ಪರಿವೆಯಿಲ್ಲದೆ, ಮಣೆಯ ಮೇಲೆ ದೃಷ್ಟಿ ನೆಟ್ಟು ಕುಳಿತಿರುವುದು. ಇಂತಹ ಆಟವನ್ನು ಐದೈದು ನಿಮಿಷಗಳಲ್ಲಿ ಆಡಿ ಮುಗಿಸಬೇಕೆಂದರೆ, ಅದು ಆಟಕ್ಕೆ ಮಾಡಿದ ಅಪಚಾರವೆಂದು ಅನೇಕರು ಎಣಿಸುವರು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ವಿಚಾರಮಾಡೋಣ.

ಕಾಲದ ಕಟ್ಟು ಹುಟ್ಟಿದುದು ಅವಸರದಿಂದಲ್ಲ, ನ್ಯಾಯದೃಷ್ಟಿಯಿಂದ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಪಂದ್ಯಾವಳಿಯಲ್ಲಿ ಯೋಚನೆಗೆ ಮಿತಿಯಿರಲಿಲ್ಲ. ಎದುರಾಳಿ ಅತಿಯಾಗಿ ನಿಧಾನಿಸುವನೆಂಬ ದೂರು ಅಲ್ಲಿಯೇ ಕೇಳಿಬಂದಿತು. ಎದುರಾಳಿಯ ತಾಳ್ಮೆಯನ್ನು ಸವೆಸಿಯೇ ಗೆಲ್ಲಬಹುದಾದರೆ, ಅದನ್ನು ಬುದ್ಧಿಯ ಗೆಲವೆನ್ನಬಹುದೆ? 1861ರಲ್ಲಿ ಆಂಡರ್ಸನ್ ಮತ್ತು ಕೋಲಿಷ್ ಎಂಬ ಆಟಗಾರರು ಮರಳುಗಡಿಯಾರಗಳನ್ನಿಟ್ಟುಕೊಂಡು, ಎರಡು ಗಂಟೆಗಳಿಗೆ 24 ನಡೆಗಳೆಂಬ ನಿಬಂಧನೆಯಿಂದ ಆಡಿದರು. 1883ರ ಲಂಡನ್ ಪಂದ್ಯಾವಳಿಯಲ್ಲಿ, ಒಂದು ನಡೆದರೆ ಇನ್ನೊಂದು ನಿಲ್ಲುವಂತಹ ಜೋಡಿ ಗಡಿಯಾರ ಬಳಕೆಗೆ ಬಂದಿತು.

ಶೀಘ್ರ ಚದುರಂಗವು ಈ ಕಟ್ಟನ್ನೇ ಬಿಗಿಮಾಡಿದ ರೂಪ. ಇಲ್ಲಿ ಇಡೀ ಆಟಕ್ಕೆ ಒಬ್ಬೊಬ್ಬನಿಗೂ ಇಷ್ಟು ಎಂದು ಕಾಲವನ್ನು ಗೊತ್ತುಮಾಡುವರು. ಆಟಗಾರನು ಕಾಯಿಯನ್ನು ನಡೆಸಿ, ಅದೇ ಕೈಯಿಂದ ಗಡಿಯಾರದ ಗುಂಡಿಯನ್ನು ಒತ್ತಬೇಕು. ಆಗ ಅವನ ಗಡಿಯಾರ ನಿಂತು ಎದುರಾಳಿಯದು ಚಲಿಸತೊಡಗುವುದು. ಕಾಲ ತೀರಿದವನು, ಅವನ ಸೈನ್ಯ ಎಷ್ಟೇ ಬಲವಾಗಿದ್ದರೂ, ಸೋತಂತೆ. ಆದರೆ ಎದುರಾಳಿಯ ಬಳಿ ಬರಿಯ ರಾಜನೊಬ್ಬನೇ ಉಳಿದಿದ್ದರೆ ಆಟ ಸಮವಾಗುವುದು. ಹತ್ತು ನಿಮಿಷ ಅಥವಾ ಅದಕ್ಕೂ ಕಡಮೆಯ ಆಟಕ್ಕೆ ಬ್ಲಿಟ್ಜ್ ಎಂದೂ, ಹತ್ತಕ್ಕೆ ಮೀರಿ ಅರುವತ್ತಕ್ಕೆ ಒಳಗಿನದಕ್ಕೆ ರ್‍ಯಾಪಿಡ್ ಎಂದೂ ಹೆಸರು.

ಈ ಕ್ರಮದಲ್ಲೊಂದು ದೋಷವಿದ್ದಿತು. ಗೆಲ್ಲುವ ಸ್ಥಿತಿಯಲ್ಲಿದ್ದವನು ಕೈವೇಗ ಸಾಲದೆ ಸೋಲುತ್ತಿದ್ದನು. ಅಮೆರಿಕದ ಬಾಬಿ ಫಿಷರ್ ಇದಕ್ಕೊಂದು ಪರಿಹಾರ ಸೂಚಿಸಿದನು: ಪ್ರತಿಯೊಂದು ನಡೆಗೂ ಕೆಲವು ಸೆಕೆಂಡುಗಳು ಕೂಡುತ್ತ ಹೋಗಬೇಕು. 1992ರಲ್ಲಿ ಸ್ಪಾಸ್ಕಿಯೊಡನೆ ಆಡಿದಾಗ ಅವನು ಇಂತಹ ಗಡಿಯಾರವನ್ನೇ ಬಳಸಿದನು. ಮೂರು ನಿಮಿಷದ ಆಟದಲ್ಲಿ ನಡೆಗೆ ಎರಡು ಸೆಕೆಂಡು ಕೂಡಿದರೆ, ನಾಲ್ವತ್ತು ನಡೆಗಳಿಗೆ ಒಟ್ಟು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ದೊರೆಯುವುದು. ಅಲ್ಪವೇ ಸರಿ, ಆದರೆ ಕೊನೆಯ ಗಳಿಗೆಯಲ್ಲಿ ಉಸಿರಾಡಲು ಅಷ್ಟು ಸಾಕು.

ಇಷ್ಟು ಅಲ್ಪಕಾಲದಲ್ಲಿ ನಿಪುಣರು ಚೆನ್ನಾಗಿ ಆಡುವ ಬಗೆ ಹೇಗೆ? 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಯೋಗವೊಂದು ಇದರ ಮರ್ಮವನ್ನು ತಿಳಿಸುತ್ತದೆ. ನಿಜವಾದ ಆಟದ ಸ್ಥಿತಿಯೊಂದನ್ನು ಐದು ಸೆಕೆಂಡು ತೋರಿಸಿ ಮರೆಮಾಡಿದರೆ, ನಿಪುಣನು ಹೊಸಬನಿಗಿಂತ ಬಹುಪಾಲು ಹೆಚ್ಚು ಕಾಯಿಗಳನ್ನು ಸರಿಯಾಗಿ ಜೋಡಿಸಿದನು. ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದಾಗ ಆ ಮೇಲುಗೈ ಹೆಚ್ಚುಕಡಮೆ ಮಾಯವಾಯಿತು. ನಾವು ಅಕ್ಷರಗಳನ್ನು ಎಣಿಸದೆ ಪದವನ್ನು ಓದುವಂತೆ, ಅವನು ಕಾಯಿಗಳ ಗುಂಪನ್ನೇ ಓದುತ್ತಾನೆ. ಆದಕಾರಣ ವೇಗವೆಂಬುದು ಹಿಂದೆ ಮಾಡಿದ ದೀರ್ಘಾಲೋಚನೆಯ ಫಲ, ಅದಕ್ಕೆ ಬದಲಿಯಲ್ಲ.

ವಿಶ್ವವಿಜೇತನ ಪದವಿಯೇ ಹೀಗೆ ತೀರ್ಮಾನವಾದುದುಂಟು. 2012ರಲ್ಲಿ ಮಾಸ್ಕೋ ನಗರದಲ್ಲಿ ವಿಶ್ವನಾಥನ್ ಆನಂದ್ ಮತ್ತು ಗೆಲ್ಫಾಂಡ್ ಹನ್ನೆರಡು ದೀರ್ಘಪಂದ್ಯಗಳಲ್ಲಿ ಸಮಸಮವಾಗಿ ನಿಲ್ಲಲು, ಶೀಘ್ರಪಂದ್ಯಗಳಲ್ಲಿ ಆನಂದ್ ಜಯಶಾಲಿಯಾದರು. 2018ರಲ್ಲಿ ಲಂಡನ್ನಿನಲ್ಲಿ ಹನ್ನೆರಡೂ ದೀರ್ಘಪಂದ್ಯಗಳು ಸಮವಾದವು. ಬಳಿಕ ಕಾರ್ಲ್‌ಸನ್ ಮೂರು ಶೀಘ್ರಪಂದ್ಯಗಳನ್ನೂ ಗೆದ್ದನು. ಕೊನೆಯ ದೀರ್ಘಪಂದ್ಯದಲ್ಲಿ ತನ್ನ ಸ್ಥಿತಿ ಮೇಲಾಗಿದ್ದರೂ ಅವನೇ ಸಮಮಾಡಿಕೊಳ್ಳಲು ಸೂಚಿಸಿದ್ದುದು ಹಲವರಿಗೆ ಅಸಮಾಧಾನವನ್ನುಂಟುಮಾಡಿತು. ದೀರ್ಘಪಂದ್ಯದ ಗೌರವವು ಶೀಘ್ರಪಂದ್ಯದ ಭರವಸೆಯಿಂದ ಕುಗ್ಗುವುದೇ ಎಂಬ ಪ್ರಶ್ನೆ ಅಲ್ಪವಾದುದಲ್ಲ.

ಕಲಿಯುವವರು ಮಾಡತಕ್ಕದ್ದೇನು? ಶೀಘ್ರವಾಗಿ ಆಡುವಾಗ ನಮಗೆ ಅಭ್ಯಾಸವಾದುದು ಮಾತ್ರ ಕೈಗೆ ಬರುವುದು. ತಪ್ಪು ಅಭ್ಯಾಸವಾಗಿದ್ದರೆ ತಪ್ಪೇ ಇನ್ನೂ ಗಟ್ಟಿಯಾಗುವುದು. ಆದುದರಿಂದ ಹೊಸಬರು ಗಡಿಯಾರವಿಲ್ಲದೆ ಆಡಿ ಕಲಿಯುವುದು ಮೇಲು. ಸ್ವಲ್ಪ ಪಳಗಿದವರು ಹದಿನೈದು ನಿಮಿಷದಿಂದ ಮೊದಲುಮಾಡಿ ಕ್ರಮಕ್ರಮವಾಗಿ ಇಳಿಸಲಿ. ಆಡಿದ ಪಂದ್ಯಗಳಲ್ಲಿ ಒಂದನ್ನಾದರೂ ಮತ್ತೆ ಮಣೆಯ ಮೇಲೆ ಹೂಡಿ, ಎಲ್ಲಿ ಎಡವಿದೆವೆಂದು ನಿಧಾನವಾಗಿ ನೋಡಲಿ.

ಜೀವನದಲ್ಲಿ ಎಲ್ಲ ನಿರ್ಧಾರಗಳಿಗೂ ಬೇಕಾದಷ್ಟು ಬಿಡುವು ದೊರೆಯುವುದಿಲ್ಲ. ಎಲ್ಲಿ ನಿಂತು ಯೋಚಿಸಬೇಕು, ಎಲ್ಲಿ ಯೋಚನೆ ಸಾಕೆಂದು ಮುಂದೆ ಸಾಗಬೇಕು ಎಂಬ ವಿವೇಕವನ್ನು ಈ ಪುಟ್ಟ ಗಡಿಯಾರ ಕಲಿಸುವುದಾದರೆ, ಅದು ಚದುರಂಗಕ್ಕೆ ಅಪಚಾರವಲ್ಲ, ಉಪಕಾರವೇ.