ಬಯಲು ತುಂಬಿದ ಹೆಬ್ಬೆರಳಿನ ನಾದ

ಯುರೋಪಿನಲ್ಲಿ ಬೇಸಿಗೆ ಬಂತೆಂದರೆ ಸಂಗೀತವೂ ಮನೆಯಿಂದ ಹೊರಗೆ ಬರುತ್ತದೆ. ಚಳಿಗಾಲವೆಲ್ಲ ಸಭಾಂಗಣಗಳಲ್ಲಿ ನಡೆದ ಕಛೇರಿಗಳು ಉದ್ಯಾನಗಳಿಗೆ, ಹುಲ್ಲುಗಾವಲುಗಳಿಗೆ ಸ್ಥಳ ಬದಲಿಸುತ್ತವೆ. ರಾತ್ರಿ ಒಂಬತ್ತಾದರೂ ಬೆಳಕು ಆರಿರುವುದಿಲ್ಲ. ಜನ ಸಂಸಾರ ಸಮೇತ ಹುಲ್ಲಿನ ಮೇಲೆ ಕುಳಿತು ಕೇಳುತ್ತಾರೆ. 2004ರ ನಂತರದ ವರ್ಷಗಳಲ್ಲಿ ಇಂಥ ಬಯಲು ವೇದಿಕೆಗಳನ್ನು ಏರಿದ ತಂಡಗಳಲ್ಲಿ ಒಂದು, ಕಾಂಗೋ ದೇಶದ ರಾಜಧಾನಿ ಕಿನ್ಶಾಸಾದಿಂದ ಬಂದ 'ಕೊನೊನೊ ನಂಬರ್ ಒನ್'.

ಮೊದಲ ಸಲ ಕೇಳುವವರಿಗೆ ಅದು ಯಾವುದೋ ಹೊಸ ಎಲೆಕ್ಟ್ರಾನಿಕ್ ಯಂತ್ರದ ಸದ್ದೆಂದೇ ಅನ್ನಿಸುತ್ತದೆ. ಆದರೆ ವಾದಕರ ಕೈಯಲ್ಲಿರುವುದು ಅಂಗೈಗಳ ನಡುವೆ ಹಿಡಿಯಬಹುದಾದ ಒಂದು ಸಣ್ಣ ಪೆಟ್ಟಿಗೆ. ಅದರ ಹೆಸರು ಲಿಕೆಂಬೆ. ಟೊಳ್ಳಾದ ಮರದ ಪೆಟ್ಟಿಗೆಯ ಮೇಲೆ ಬೇರೆ ಬೇರೆ ಉದ್ದದ ಕಬ್ಬಿಣದ ಪಟ್ಟಿಗಳನ್ನು ಸಾಲಾಗಿ ಬಿಗಿದಿರುತ್ತಾರೆ. ಅವುಗಳ ತುದಿಯನ್ನು ಹೆಬ್ಬೆರಳಿನಿಂದ ಮೀಟಿದರೆ ಸ್ವರ ಹೊರಡುತ್ತದೆ. ಪಟ್ಟಿ ಉದ್ದವಾದಷ್ಟೂ ಸ್ವರ ತಗ್ಗು, ಗಿಡ್ಡವಾದಷ್ಟೂ ಏರು. ಸ್ವಭಾವತಃ ಇದು ಮೆಲುದನಿಯ ವಾದ್ಯ. ಜಗಲಿಯಲ್ಲಿ ಕುಳಿತು ತನಗೂ ಪಕ್ಕದವನಿಗೂ ಕೇಳುವಂತೆ ನುಡಿಸಿಕೊಳ್ಳಬಹುದು, ಅಷ್ಟೇ. ಇಂಥ ವಾದ್ಯ ಸಾವಿರಾರು ಜನರ ಬಯಲಿಗೆ ಬಂದದ್ದಾದರೂ ಹೇಗೆ?

ಉತ್ತರ ಹುಡುಕಲು ತಂಡದ ಸ್ಥಾಪಕ ಮವಾಂಗು ಮಿಂಗಿಯೇಡಿಯ ಊರಿನತ್ತ ನೋಡಬೇಕು. ಆತ ಕಾಂಗೋ ಮತ್ತು ಅಂಗೋಲಾ ಗಡಿಯ ಆಸುಪಾಸಿನಲ್ಲಿ ನೆಲೆಸಿರುವ ಬಜೊಂಬೊ ಜನಾಂಗದವನು. ಈ ಜನ ತಮ್ಮ ವಿಧಿ ಆಚರಣೆಗಳಲ್ಲಿ ಆನೆದಂತದ ಕೊಂಬುಗಳನ್ನು ಊದುತ್ತಿದ್ದರು. ಅದು ಊರಿಗೆ ಊರೇ ಕೇಳಬೇಕಾದ ಬಯಲಿನ ಸಂಗೀತ. ಮಿಂಗಿಯೇಡಿ ಆ ಕೊಂಬಿನ ಸಂಗೀತವನ್ನು ಲಿಕೆಂಬೆಗೆ ಅಳವಡಿಸಿದ. ಸ್ವರಗಳೇನೋ ಹೊಂದಿಕೊಂಡವು, ದನಿ ಮಾತ್ರ ಸಾಲದಾಯಿತು. 1960ರ ದಶಕದಲ್ಲಿ ತಂಡ ಕಟ್ಟಿದ್ದು ಬೇರೆ ಕಿನ್ಶಾಸಾದಂಥ ಗದ್ದಲದ ನಗರದಲ್ಲಿ. ವಾಹನಗಳ ಸದ್ದು, ಬೀದಿಯ ಕೂಗಾಟ, ಹೋಟೆಲುಗಳ ಗಿಟಾರು, ಇವುಗಳ ನಡುವೆ ಹೆಬ್ಬೆರಳಿನ ನಾದವನ್ನು ಕೇಳುವವರು ಯಾರು?

ಪೇಟೆಯಲ್ಲಿ ಸಿಗುವ ಉಪಕರಣ ಕೊಳ್ಳುವಷ್ಟು ಹಣವಿರಲಿಲ್ಲ. ಗುಜರಿಯಲ್ಲಿ ಹಳೆಯ ಕಾರುಗಳ ಭಾಗಗಳಿದ್ದವು. ಅವುಗಳೊಳಗಿನ ಅಯಸ್ಕಾಂತವನ್ನೂ ತಾಮ್ರದ ತಂತಿಯನ್ನೂ ಬಳಸಿ ತಂಡದವರು ತಮ್ಮದೇ ಧ್ವನಿಗ್ರಾಹಕ ತಯಾರಿಸಿದರು. ಕಬ್ಬಿಣದ ಪಟ್ಟಿ ಅಯಸ್ಕಾಂತದ ಬಳಿ ಕಂಪಿಸಿದಾಗ ಸುತ್ತಿದ ತಂತಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಎಲೆಕ್ಟ್ರಿಕ್ ಗಿಟಾರಿನದೂ ಇದೇ ತತ್ತ್ವ. ಆ ವಿದ್ಯುತ್ತನ್ನು ಹಿಗ್ಗಿಸಿ, ನಮ್ಮ ಜಾತ್ರೆಗಳಲ್ಲಿ ಕಂಬಕ್ಕೆ ಕಟ್ಟುವಂಥ ತುತ್ತೂರಿ ಆಕಾರದ ಧ್ವನಿವರ್ಧಕಗಳಿಗೆ ಹರಿಸಿದರು. ಮೈಕನ್ನು ಮರದಲ್ಲಿ ಕೆತ್ತಿಕೊಂಡರು. ಪಾತ್ರೆ ಪರಟಿಗಳೂ ಕಾರಿನ ಬಿಡಿಭಾಗಗಳೂ ತಾಳವಾದ್ಯಗಳಾದವು.

ಅಗ್ಗದ ಯಂತ್ರವನ್ನು ಅದರ ಶಕ್ತಿ ಮೀರಿ ದುಡಿಸಿದರೆ ಧ್ವನಿ ಒಡೆಯುತ್ತದೆ, ಗೊರಗೊರ ಎನ್ನುತ್ತದೆ. ತಂತ್ರಜ್ಞರು ಇದನ್ನು ದೋಷವೆಂದು ಕರೆದಾರು. ಆದರೆ ಆಫ್ರಿಕದ ಈ ಬಗೆಯ ವಾದ್ಯಗಳಿಗೆ ಗುಂಯ್‌ಗುಡುವ ಸಣ್ಣ ಲೋಹದ ಬಳೆಗಳನ್ನು ಬೇಕೆಂದೇ ತೊಡಿಸುವ ರೂಢಿ ಹಿಂದಿನಿಂದಲೂ ಉಂಟು. ನಮ್ಮ ತಂಬೂರಿಯ ಜೀವಾಳದ ದಾರದಂತೆ, ಅಲ್ಲಿಯೂ ಝೇಂಕಾರವಿಲ್ಲದ ಸ್ವರ ಸಪ್ಪೆ. ಹಾಗಾಗಿ ಒಡೆದ ಧ್ವನಿಯನ್ನು ಕಂಡು ಕೊನೊನೊ ತಂಡ ಗಾಬರಿಯಾಗಲಿಲ್ಲ. ಅದನ್ನೂ ಸಂಗೀತದೊಳಗೆ ಸೇರಿಸಿಕೊಂಡಿತು.

ಹೊರಜಗತ್ತಿಗೆ ಈ ಸುದ್ದಿ ತಲುಪಲು ದಶಕಗಳೇ ಬೇಕಾದವು. ಕಾಂಗೋ ಎಂದರೆ ಜಗತ್ತಿಗೆ ಗೊತ್ತಿದ್ದದ್ದು ಗಿಟಾರಿನ ಇಂಪಿನ ರುಂಬಾ. ಅದು 2021ರಲ್ಲಿ ಯುನೆಸ್ಕೋದ ಪಾರಂಪರಿಕ ಪಟ್ಟಿಯನ್ನೂ ಸೇರಿತು. ಬೀದಿಯ ಲಿಕೆಂಬೆಯನ್ನು ಹುಡುಕಿಕೊಂಡು ಹೋದವನು ಬೆಲ್ಜಿಯಂನ ಧ್ವನಿಮುದ್ರಕ ವಿನ್ಸೆಂಟ್ ಕೆನಿಸ್. ಹಳೆಯದೊಂದು ಧ್ವನಿಮುದ್ರಣ ಕೇಳಿ ಮರುಳಾಗಿದ್ದ ಆತ ವರ್ಷಗಳ ಕಾಲ ವಿಚಾರಿಸಿ ಕೊನೆಗೆ ತಂಡವನ್ನು ಪತ್ತೆಹಚ್ಚಿದ. 2004ರಲ್ಲಿ 'ಕಾಂಗೋಟ್ರಾನಿಕ್ಸ್' ಎಂಬ ಧ್ವನಿಮುದ್ರಿಕೆ ಹೊರಬಂತು. ಪ್ರವಾಸಗಳು ನಡೆದವು. 2006ರಲ್ಲಿ ಬಿಬಿಸಿ ಪ್ರಶಸ್ತಿ ಬಂತು. ಆ ಪ್ರಶಸ್ತಿ ಹೊಸಬರ ವಿಭಾಗದಲ್ಲಿ! ಆ ವೇಳೆಗೆ ಮಿಂಗಿಯೇಡಿಗೆ ಎಪ್ಪತ್ತು ದಾಟಿತ್ತು.

ಈ ತಮಾಷೆಯ ಹಿಂದೆ ಗಂಭೀರ ಪ್ರಶ್ನೆಯೊಂದಿದೆ. ಗುಜರಿ ಸಾಮಾನಿನ ವಾದ್ಯವೆಂದು ಬೆರಗಾಗುವುದು ಸುಲಭ. ಆ ಬೆರಗಿನಲ್ಲಿ ಬಡತನವಷ್ಟೇ ಕಂಡು ವಿದ್ಯೆ ಕಾಣದೇ ಹೋಗುವ ಅಪಾಯವೂ ಉಂಟು. ವಿದ್ಯೆ ಎಲ್ಲಿದೆಯೆಂದು ತಿಳಿದದ್ದು ಜೊತೆಗೆ ನುಡಿಸಿದವರಿಗೆ. 2011ರ ಬೇಸಿಗೆಯಲ್ಲಿ ಕೊನೊನೊ ಮತ್ತು ಕಾಂಗೋದ್ದೇ ಆದ ಕಸಾಯ್ ಆಲ್‌ಸ್ಟಾರ್ಸ್ ತಂಡಗಳು ಅಮೆರಿಕ, ಅರ್ಜೆಂಟೀನಾ, ಸ್ವೀಡನ್ ದೇಶಗಳ ರಾಕ್ ಕಲಾವಿದರೊಡನೆ ಒಂದೇ ವೇದಿಕೆಯಲ್ಲಿ ಉತ್ಸವಗಳ ಪ್ರವಾಸ ಮಾಡಿದವು. ಅಭ್ಯಾಸದ ವೇಳೆ ರಾಕ್ ಕಲಾವಿದರನ್ನು ಕಾಡಿದ ಪ್ರಶ್ನೆ, ಮೊದಲ ಪೆಟ್ಟು ಯಾವುದು? ನಮ್ಮ ತಾಳದ ಭಾಷೆಯಲ್ಲಿ, 'ಸಮ ಎಲ್ಲಿ?' ಒಬ್ಬೊಬ್ಬರೂ ಬೇರೆ ಬೇರೆ ಆವರ್ತವನ್ನು ಹೆಣೆಯುವ ಈ ಸಂಗೀತದಲ್ಲಿ ಹೊರಗಿನವರಿಗೆ ಸಮ ಸುಲಭಕ್ಕೆ ಸಿಕ್ಕುವುದಿಲ್ಲ. 2022ರಲ್ಲಿ ಬಂದ ಆ ಸಹಯೋಗದ ಧ್ವನಿಮುದ್ರಿಕೆಗೆ ಆ ಪ್ರಶ್ನೆಯೇ ಹೆಸರಾಯಿತು.

ಮಿಂಗಿಯೇಡಿ 2015ರಲ್ಲಿ ತೀರಿಕೊಂಡ. ಅಷ್ಟು ಹೊತ್ತಿಗೆ ಮಗ ಅಗಸ್ಟಿನ್ ಲಿಕೆಂಬೆ ಕೈಗೆತ್ತಿಕೊಂಡು ತಂಡದ ಹೊಣೆ ಹೊತ್ತಾಗಿತ್ತು. ಯುರೋಪಿನ ಹುಲ್ಲುಗಾವಲಿನಲ್ಲಿ ಕುಣಿದವರು ಅದನ್ನು ಭವಿಷ್ಯದ ಸಂಗೀತವೆಂದು ಕೊಂಡಾಡಿರಬಹುದು. ಆದರೆ ಮಿಂಗಿಯೇಡಿ ಬಯಸಿದ್ದು ಹೊಸತನವನ್ನಲ್ಲ. ಊರಿನ ಕೊಂಬಿನ ಸಂಗೀತ ಪಟ್ಟಣದ ಬೀದಿಯಲ್ಲೂ ಕೊನೆಯ ಸಾಲಿನವನಿಗೆ ಕೇಳಿಸಬೇಕು ಎಂಬುದಷ್ಟೇ ಆತನ ಹಟವಾಗಿತ್ತು.