ಯಾವ ಕ್ಲಬ್ಬಿನವರು ಗಟ್ಟಿಗರು?

ದೇಹಬಲವನ್ನು ತೂಗಿ ನೋಡುವ ಹವ್ಯಾಸ ಮೈಸೂರಿಗೆ ಹೊಸತಲ್ಲ. ಯಾವ ಗರಡಿಯ ಪೈಲ್ವಾನ ಹೆಚ್ಚು ಎಂಬ ಚರ್ಚೆ ದಸರಾ ಕುಸ್ತಿಯಷ್ಟೇ ಹಳೆಯದು. ವಾಲಿಬಾಲ್ ಅಂಗಳದ ಸುತ್ತ ನೆರೆದವರಲ್ಲಿಯೂ ಅದೇ ಪ್ರಶ್ನೆ: ಯಾವ ಕ್ಲಬ್ಬಿನ ಹುಡುಗರು ಗಟ್ಟಿಗರು? ಗೆದ್ದವರೇ ಎಂದುಬಿಡುವುದು ಸುಲಭ. ಆದರೆ ಗೆಲುವಿನಲ್ಲಿ ಕಸುವಿನೊಡನೆ ಕೈಚಳಕ, ಹೊಂದಾಣಿಕೆಗಳೂ ಬೆರೆತಿರುತ್ತವೆ. ಕಸುವನ್ನು ಮಾತ್ರ ಅಳೆಯಲು ಬೇರೆಯೇ ಕೋಲು ಬೇಕು.

1895ರಲ್ಲಿ ಅಮೆರಿಕದ ಹೋಲಿಯೋಕ್ ಪಟ್ಟಣದ ವೈ.ಎಂ.ಸಿ.ಎ.ಯಲ್ಲಿ ವಿಲಿಯಂ ಮಾರ್ಗನ್ ಎಂಬಾತ ಈ ಆಟವನ್ನು ರೂಪಿಸಿದುದು, ಬ್ಯಾಸ್ಕೆಟ್‌ಬಾಲಿನಷ್ಟು ದಣಿಸದ ವಿನೋದವಾಗಲೆಂದು. ಅದು ಇಂದು ಚಿಮ್ಮುವ ಕಾಲುಗಳ ಆಟ. ಬಲೆಯ ಎತ್ತರ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24 ಮೀಟರ್. ಅದರ ಮೇಲಿಂದ ಚೆಂಡನ್ನು ಬಡಿಯಲು, ಎದುರಾಳಿಯ ಹೊಡೆತವನ್ನು ತಡೆಯಲು ಆಟಗಾರ ಮತ್ತೆ ಮತ್ತೆ ನೆಗೆಯಬೇಕು.

ಆದುದರಿಂದ ಮೊದಲ ಪರೀಕ್ಷೆ ನೆಗೆತದ್ದು. 1921ರಲ್ಲಿ ಡಡ್ಲಿ ಸಾರ್ಜೆಂಟ್ ಎಂಬ ವ್ಯಾಯಾಮತಜ್ಞ ಪ್ರಕಟಿಸಿದ ನೆಗೆತದ ಪರೀಕ್ಷೆಯನ್ನು ಇಂದು ಒಂದು ಗೋಡೆ, ಒಂದು ತುಂಡು ಸೀಮೆಸುಣ್ಣದಿಂದಲೇ ನಡೆಸಬಹುದು. ಗೋಡೆಯ ಪಕ್ಕ ನಿಂತು, ಕೈಚಾಚಿ ಬೆರಳಿನ ಗುರುತು ಮಾಡುವುದು. ನಿಂತಲ್ಲಿಂದಲೇ ನೆಗೆದು ಇನ್ನೊಂದು ಗುರುತು ಮಾಡುವುದು. ಎರಡರ ನಡುವಣ ಅಂತರವೇ ನೆಗೆತ.

ಇಲ್ಲಿಯೇ ಕಣ್ಣು ಮೋಸಹೋಗುವುದು. ಉದಾಹರಣೆಗೆ, ನೀಳಕಾಯನೊಬ್ಬನ ಗುರುತುಗಳು 240 ಮತ್ತು 300 ಸೆಂಟಿಮೀಟರ್ ಎತ್ತರದಲ್ಲಿವೆ. ಗಿಡ್ಡನವು 220 ಮತ್ತು 288ರಲ್ಲಿ. ಮೇಲೆ ಮುಟ್ಟಿದವನು ನೀಳಕಾಯನೇ. ಆದರೆ ಅವನ ನೆಗೆತ 60, ಗಿಡ್ಡನದು 68! ಎತ್ತರ ಹುಟ್ಟಿನಿಂದ ಬಂದುದು, ನೆಗೆತವನ್ನು ಸಾಧನೆಯಿಂದ ಹೆಚ್ಚಿಸಿಕೊಳ್ಳಬಹುದು. ಬಲೆಯ ಮುಂದೆ ಎತ್ತರಕ್ಕೆ ಬೆಲೆ ಉಂಟು, ನಿಜ. ಆದರೆ 1998ರಲ್ಲಿ ಅಂತರರಾಷ್ಟ್ರೀಯ ಆಟದಲ್ಲಿ 'ಲಿಬೆರೊ' ಎಂಬ ರಕ್ಷಕನ ಸ್ಥಾನ ಬಂದ ಮೇಲೆ ಗಿಡ್ಡ ಚುರುಕುಗಾರನಿಗೂ ತಂಡದಲ್ಲಿ ಒಂದು ನೆಲೆಯಾಯಿತು. ಅಳೆಯದೆಯೇ ಅವನನ್ನು ಮನೆಗೆ ಕಳುಹಿಸುವ ಕ್ಲಬ್ಬು ನಷ್ಟಪಡುವುದು ತಾನೇ.

ಎರಡು ಕ್ಲಬ್ಬುಗಳನ್ನು ಹೋಲಿಸುವಾಗಲಂತೂ ನೆಲ, ವಯಸ್ಸು, ವಿಶ್ರಾಂತಿ ಎಲ್ಲವೂ ಸಮನಾಗಿರಬೇಕು. ಸಡಿಲ ಮಣ್ಣಿನಲ್ಲಿ ಬರಿಗಾಲಿನಲ್ಲಿ ನೆಗೆದವನನ್ನು ಮರದ ಹಾಸಿನ ಮೇಲೆ ಬೂಟು ತೊಟ್ಟು ನೆಗೆದವನೊಡನೆ ತೂಗುವುದು ನ್ಯಾಯವಲ್ಲ. ಒಬ್ಬ ಚಾಮುಂಡಿ ಬೆಟ್ಟವನ್ನು ಬುಡದಿಂದ ಹತ್ತಿದ. ಇನ್ನೊಬ್ಬ ನಂದಿಯ ಬಳಿಯಿಂದ ಹತ್ತಿದ. ಮೊದಲು ಗುಡಿ ಸೇರಿದವನೇ ಗಟ್ಟಿಗನೆನ್ನಬಹುದೆ?

ತಾಯಿತಂದೆಗಳು ಮಗುವನ್ನು ಕ್ಲಬ್ಬಿಗೆ ಸೇರಿಸುವಾಗ ಕಪಾಟಿನ ಬಹುಮಾನಗಳನ್ನಷ್ಟೇ ಎಣಿಸಬಾರದು. ನೆಗೆತ ಹೆಚ್ಚಿದಂತೆ ಮೊಣಕಾಲಿನ ಮೇಲಿನ ಭಾರವೂ ಹೆಚ್ಚುತ್ತದೆ. ಅಲ್ಲಿ ವಿಶ್ರಾಂತಿ ಕೊಡುತ್ತಾರೆಯೆ, ನೋವೆಂದರೆ ಕಿವಿಗೊಡುತ್ತಾರೆಯೆ ಎಂದು ವಿಚಾರಿಸಬೇಕು. ನೆರೆಯ ಕ್ಲಬ್ಬಿನ ಗುರುತನ್ನು ಮೀರಿದರೆ ಸಂತೋಷವೇ. ಕಳೆದ ತಿಂಗಳು ತಾನೇ ಇಟ್ಟ ಗುರುತನ್ನು ನೋವಿಲ್ಲದೆ ಮೀರಿದ ಹುಡುಗ ಅದಕ್ಕಿಂತಲೂ ಹೆಚ್ಚು ಗಳಿಸಿದ್ದಾನೆ.